ದೇವರ ಚಿತ್ತಕ್ಕೊಂದು ಸಹಿ

ಕೋಲಾರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಹೊಟ್ಟೆಯ ಗಡ್ಡೆ ತೆಗೆಸಿಕೊಳ್ಳಲು ಮುಳಬಾಗಿಲಿನಿಂದ ಬಂದಿದ್ದ ತಾತ ಒಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಸುತರಾಂ ಒಪ್ಪಲಿಲ್ಲ.

“ಉಳಿಸೋದೂ ಕರ್ಕೊಳ್ಳೋದೂ ಯೇಸಪ್ಪನ ಚಿತ್ತ ಕಣಮ್ಮ. ಮಧ್ಯದಲ್ಲಿ ನನ್ನ ಒಪ್ಪಿಗೆ ಯಾಕೆ?”

ಅವರ ಅಂಗಿ ಮಡಚುತ್ತಿದ್ದ ಹೆಂಡತಿ ತಲೆಯೆತ್ತದೆ ಅಂದರು: “ನಮ್ಮಿಬ್ಬರನ್ನ ಜೋಡಿಸಿದ್ದು ದೇವರೇ ಅಂತೀರಲ್ಲ. ಆದ್ರೂ ಪಾದ್ರಿಗಳು ಎಲ್ಲರ ಮುಂದೆ, ‘ಇವರನ್ನ ಒಪ್ತೀಯಾ’ ಅಂತ ನನ್ನ ಕೇಳಿದ್ರು. ನಾನು ಹೂಂ ಅನ್ನೋವರೆಗೂ ನೀವು ಬೆವರ್ತಾ ನಿಂತಿರ್ಲಿಲ್ವಾ?”

ತಾತ ನಗುತ್ತಾ ಪೆನ್ನು ಕೇಳಿದರು. ಆಪರೇಷನ್ ಸಲೀಸಾಗಿ ಮುಗಿಯಿತು.

ನಮ್ಮ ಮದುವೆಯಲ್ಲಿ ಜಾತಕ ಕೇಳಿದ್ದರು, ನನ್ನನ್ನು ಯಾರೂ ಕೇಳಿರಲಿಲ್ಲ. ಸಂಜೆ ಗಂಡನಿಗೆ ಇದನ್ನೆಲ್ಲ ಹೇಳಿ, ಈಗಲಾದರೂ ನನ್ನ ಒಪ್ಪಿಗೆ ಕೇಳಿ ಅಂದೆ. ಪಾಪ, ಕೇಳಿದರು. ಯೋಚಿಸಿ ಹೇಳ್ತೀನಿ ಅಂದಿದ್ದೀನಿ.