ಬಿಡದ ಬ್ರೇಕು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕತೆ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಂಬುತ್ತೇನೆ ಎಂದು ಹೇಳಲೂ ಧೈರ್ಯವಿಲ್ಲ. ಒಂದು ಮಧ್ಯಾಹ್ನ ನನ್ನ ಕೈಯಡಿಯಲ್ಲೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನ್ನ ಸೋದರಮಾವ ಅಲ್ಲಿ ಮನೆ ಕಟ್ಟಿಸಿದ್ದರು. ಅವರ ಮಗಳು ಶಾರದೆಯನ್ನೇ ನಾನು ಮದುವೆಯಾದದ್ದು. ಮಾವನ ಹಳೆಯ ಕಾರಿನ ಸಣ್ಣಪುಟ್ಟ ರಿಪೇರಿಯನ್ನೆಲ್ಲ ನಾವಿಬ್ಬರೇ ಮಾಡಿಕೊಳ್ಳುತ್ತಿದ್ದೆವು.

ಬ್ರೇಕಿನ ಎಣ್ಣೆಯಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆಯಲು ಇಬ್ಬರು ಬೇಕು. ಮಾವ ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯುವರು. ನಾನು ಚಕ್ರದ ಹಿಂದೆ ಮಲಗಿ, ಅಲ್ಲಿರುವ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಗಾಳಿ ಬೆರೆತ ಎಣ್ಣೆ ಹೊರಬಂದ ಮೇಲೆ ಬಿಗಿ ಮಾಡಿ, "ಬಿಡಿ ಮಾವ" ಎನ್ನುವೆ. ಆ ಮಾತಿಗೆ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಒಂದು ಸಲ ನಾನು ನೀರು ಕುಡಿಯಲು ಹೋದವನು ಅತ್ತೆಯೊಡನೆ ಮಾತಿಗೆ ಕೂತುಬಿಟ್ಟಿದ್ದೆ. ಬಂದು ನೋಡಿದರೆ ಮಾವ ಬೆವರು ಸುರಿಸುತ್ತ ಹಾಗೇ ಒತ್ತಿಕೊಂಡು ಕೂತಿದ್ದರು. "ಬಿಡಿ ಅಂದ್ಯೇನೋ ನೀನು? ಇಲ್ವಲ್ಲ. ಮತ್ತೆ ಹೆಂಗೆ ಬಿಡ್ಲಿ?" ಎಂದು ಬೈದರು.

ಶಾರದೆ ಬಸುರಾದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಅಂಗಳದ ಕಡೆಯ ಕಿಟಕಿಗೆ ಒತ್ತಿಸಿ ಅವರ ಮಂಚ ಹಾಕಿದ್ದೆವು. ಶಾರದೆಗೆ ಏಳು ತಿಂಗಳು ತುಂಬಿತ್ತು. ಯಾವ ಹೊತ್ತಿನಲ್ಲಾದರೂ ಕಾರು ಬೇಕಾದೀತೆಂದು ನಾನು ಅವತ್ತು ಬ್ರೇಕಿನ ಕೆಲಸಕ್ಕೆ ಇಳಿದೆ. ಪೆಡಲು ಒತ್ತಲು ಪಕ್ಕದ ಮನೆಯ ರಂಗಣ್ಣ ಬಂದ. ಮಾವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಅವರಿಗೂ ಸಮಾಧಾನವಾಗಲಿ ಎಂದು ನಾನು ಎಂದಿನಂತೆ "ಒತ್ತಿ ಮಾವ", "ಬಿಡಿ ಮಾವ" ಎಂದೇ ಕೂಗುತ್ತಿದ್ದೆ.

"ಚೆನ್ನಾಗಿದೆ ಗುರು! ಕಾಲು ನಂದು, ಹೆಸರು ಮಾವಂದು!" ಎಂದು ರಂಗಣ್ಣ ನಗುತ್ತಿದ್ದ.

ಕೊನೆಯ ಚಕ್ರಕ್ಕೆ ಬಂದಿದ್ದೆ. "ಒತ್ತಿ ಮಾವ" ಎಂದು ಕೂಗಿ, ಸಡಿಲಿಸಿದ ನಿಪ್ಪಲ್ಲನ್ನು ಬಿಗಿ ಮಾಡಿ, "ಬಿಡಿ" ಎನ್ನುವ ಮೊದಲೇ ಒಳಗಿನಿಂದ ಅತ್ತೆಯ ಕೂಗು ಕೇಳಿಸಿತು. "ಬೇಗ ಬಾರೋ, ಇವಳಿಗೆ ರಕ್ತ ಹೋಗ್ತಿದೆ!"

ಸ್ಪ್ಯಾನರನ್ನು ಕಾರಿನೊಳಕ್ಕೆ ಬಿಸಾಕಿ ಓಡಿದೆ. ಶಾರದೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಾವನನ್ನು ನೋಡಿಕೊಳ್ಳಲು ರಂಗಣ್ಣ ಮನೆಯಲ್ಲೇ ಉಳಿದ.

ಮನೆಯ ಸಾಲು ಮುಗಿದು ಬಯಲು ಬರುವಷ್ಟರಲ್ಲಿ ಕಾರು ಭಾರವಾಯಿತು. ಆಕ್ಸಿಲರೇಟರ್ ತುಳಿದಷ್ಟೂ ಎಂಜಿನ್ ಮಾತ್ರ ಕೂಗುತ್ತಿತ್ತು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಆಮೇಲೆ ಕಾರು ನಿಂತೇಹೋಯಿತು. ಸುತ್ತ ಕಲ್ಲು ನೆಟ್ಟ ಸೈಟುಗಳು. ಒಬ್ಬ ಮನುಷ್ಯನೂ ಇಲ್ಲ.

ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ. ಇಳಿದು ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದೆ. ನಾಲ್ಕೂ ಕೆಂಡದಂತೆ ಕಾದಿದ್ದವು. ಒಂದು ಚಕ್ರ ಹಿಡಿದಿದ್ದರೆ ದೋಷ ಆ ಚಕ್ರದ್ದು. ನಾಲ್ಕೂ ಹಿಡಿದಿದ್ದರೆ ಪೆಡಲಿನ ಕಡೆ ನೋಡಬೇಕು. ಬಗ್ಗಿ ನೋಡಿದೆ. ಪೆಡಲು ಕೆಳಗೇ ಇತ್ತು. ಸ್ಪ್ರಿಂಗ್ ತುಂಡಾಗಿರಲಿಲ್ಲ, ನಡುವೆ ಏನೂ ಸಿಕ್ಕಿಕೊಂಡಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದೆ. ಬರಲಿಲ್ಲ. ತುಕ್ಕು ಹಿಡಿದಿದ್ದರೆ ಅಲ್ಲಾಡುತ್ತಲೇ ಇರಲಿಲ್ಲ. ಇದು ಒಂದಿಷ್ಟು ಏಳುತ್ತಿತ್ತು, ಮತ್ತೆ ಕೆಳಕ್ಕೆ ಹೋಗುತ್ತಿತ್ತು.

ಮುಂದಿನ ಚಕ್ರಕ್ಕೆ ಜ್ಯಾಕ್ ಕೊಟ್ಟು ಅದರ ಹಿಂದೆ ಮಲಗಿದೆ. ನಿಪ್ಪಲ್ ಸಡಿಲಿಸಿದೊಡನೆ ಬಿಸಿ ಎಣ್ಣೆ ಮುಖಕ್ಕೆ ಚಿಮ್ಮಿತು. ಬಿಗಿ ಮಾಡಿದೆ. ಒತ್ತಡ ಇಳಿದು ಚಕ್ರ ತಿರುಗಬೇಕಿತ್ತು. ತಿರುಗಲಿಲ್ಲ. ಹಿಂದಿನ ಸೀಟಿನಲ್ಲಿ ಶಾರದೆಯ ನರಳಾಟ ನಿಂತಿತ್ತು.

"ಏನೋ ಮಾಡ್ತಿದ್ದೀಯ? ಇವಳ ಕೈ ತಣ್ಣಗಾಗ್ತಿದೆ ಕಣೋ!" ಎಂದು ಅತ್ತೆ ಅಳತೊಡಗಿದರು.

ಮತ್ತೊಮ್ಮೆ ಸಡಿಲಿಸಿದೆ. ಮತ್ತೆ ಎಣ್ಣೆ ಚಿಮ್ಮಿತು. ಬಿಗಿ ಮಾಡಿದೆ. ಆಗ ಯೋಚಿಸದೆಯೇ, ಬರೀ ರೂಢಿಯಿಂದ, ನನ್ನ ಬಾಯಿಂದ ಆ ಮಾತು ಬಂತು. "ಬಿಡಿ ಮಾವ."

ಕಾರಿನೊಳಗೆ ಪೆಡಲು ಟಪ್ಪೆಂದು ಮೇಲೆದ್ದ ಸದ್ದಾಯಿತು. ನನ್ನ ಅಂಗೈ ಟೈರಿನ ಮೇಲಿತ್ತು. ಚಕ್ರ ಮೆಲ್ಲಗೆ ತಿರುಗಿತು.

"ಯಾರಿಗೋ ಹೇಳಿದ್ದು?" ಎಂದರು ಅತ್ತೆ. ನಾನು ಜ್ಯಾಕ್ ಇಳಿಸಿ ಕಾರು ಹೊರಡಿಸಿದೆ.

ಆಸ್ಪತ್ರೆ ಸೇರುವವರೆಗೂ ಬ್ರೇಕು ಮತ್ತೆ ಕಚ್ಚಿಕೊಳ್ಳಲಿಲ್ಲ. ಶಾರದೆ ಉಳಿದಳು. ಬೊಗಸೆಯಷ್ಟಿದ್ದ ಮಗಳೂ ಉಳಿದಳು.

ಸಂಜೆ ಮನೆಗೆ ಬಂದಾಗ ರಂಗಣ್ಣ ಬಾಗಿಲಲ್ಲೇ ನಿಂತಿದ್ದ. ಆಸ್ಪತ್ರೆಯ ಸುದ್ದಿ ಕೇಳಿ ಸಮಾಧಾನದ ಉಸಿರುಬಿಟ್ಟ. ಆದರೆ ನಗಲಿಲ್ಲ.

"ನೀವು ಹೋದ್ರಲ್ಲ, ಆವಾಗ್ಲಿಂದ ಮಾವ ಬಲಗಾಲಲ್ಲಿ ಮಂಚದ ಹಲಗೆ ಒತ್ಕೊಂಡಿದ್ರು ಗುರು. ಆ ಬಿದ್ದುಹೋದ ಕಾಲಲ್ಲಿ! ನಾನು ಹಿಡಿದು ಎಳೆದೆ, ಆಗ್ಲಿಲ್ಲ. ಬೆವರು ಕಿತ್ಕೊಂಡು ಬರ್ತಿತ್ತು ಅವರಿಗೆ. ಆಮೇಲೆ ಯಾರೋ ಹೇಳ್ದಂಗೆ ತಟ್ಟನೆ ಬಿಟ್ಬಿಟ್ರು."

ಒಳಗೆ ಹೋಗಿ ಮಾವನ ಕಾಲು ನೋಡಿದೆ. ಎಂದಿನಂತೆ ಜೀವವಿಲ್ಲದೆ ಬಿದ್ದಿತ್ತು. ಅಂಗಾಲಿನ ಮೇಲೆ ಅಡ್ಡಕ್ಕೆ, ಹಲಗೆಯ ಅಂಚಿನ ಕೆಂಪು ಗುರುತು ಇತ್ತು. ಅವರು ನನ್ನನ್ನೇ ನೋಡುತ್ತಿದ್ದರು.

ಆ ವಾರ ಮೆಕ್ಯಾನಿಕ್ ಒಬ್ಬ ನನ್ನ ಎದುರಿನಲ್ಲೇ ಬ್ರೇಕಿನ ಒಂದೊಂದು ಭಾಗವನ್ನೂ ಬಿಚ್ಚಿದ. ರಬ್ಬರ್ ಕೊಳವೆಯನ್ನು ಸೀಳಿಯೂ ತೋರಿಸಿದ. "ಎಲ್ಲ ಸರಿಯಾಗಿದೆ ಸಾರ್" ಎಂದ. ಬಿಸಿಗೆ ಉಬ್ಬಿದ್ದ ರಬ್ಬರು ತಣಿದ ಮೇಲೆ ತಾನಾಗಿ ಬಿಟ್ಟಿರಬಹುದು ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಕಾರಿನ ಮಟ್ಟಿಗೆ ಅದು ಸಾಕು. ಆ ಕೆಂಪು ಗುರುತಿಗೆ ಸಾಲದು.

ಮಾವ ಆಮೇಲೆಯೂ ಕೆಲವು ವರ್ಷ ಬದುಕಿದ್ದರು. ಕೊನೆಯ ದಿನಗಳಲ್ಲಿ ತುಂಬ ಒದ್ದಾಡಿದರು. ಉಸಿರು ಹೋಗಲೊಲ್ಲದು, ನಿಲ್ಲಲೊಲ್ಲದು. ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಮಂಚದ ಹತ್ತಿರ ಕರೆದು ಮೆಲ್ಲಗೆ, "ನೀನೇ ಹೇಳಿಬಿಡೋ. ನಿನ್ನ ಮಾತಾದ್ರೆ ಕೇಳ್ತಾರೆ" ಎಂದರು. ಯಾವ ಮಾತೆಂದು ನಾನು ಕೇಳಬೇಕಾಗಿರಲಿಲ್ಲ. ಅವರ ಬಲಗಾಲು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಮಾತು ಹೊರಡಲಿಲ್ಲ. ಅವರಿಗೆ ಕೇಳಿಸದೆ ಹೋದೀತೆಂದು ಹೆದರಿದೆನೋ, ಕೇಳಿಸೀತೆಂದು ಹೆದರಿದೆನೋ, ಇವತ್ತಿಗೂ ನನಗೆ ತಿಳಿಯದು.