ಕರೆ ಬಾರದ ಮುತರ್ರಿಫ

ಕುರ್ತುಬಾದ ದೊಡ್ಡ ಮಸೀದಿಯ ಹಿಂದಿನ ಓಣಿಯಲ್ಲಿ ಕೂತು ಮದುವೆಯ ಕರಾರು, ಮನೆ ಮಾರಿದ ಪತ್ರ ಬರೆದುಕೊಡುವುದು ಮುತರ್ರಿಫನ ಕಸುಬು. ಧರ್ಮಶಾಸ್ತ್ರ ಅವನ ನಾಲಗೆಯ ತುದಿಯಲ್ಲಿತ್ತು. ಆದರೂ ಖಾಜಿಯ ಸಲಹಾ ಸಭೆಯಾದ ಶೂರಾಕ್ಕೆ ಕರೆ ಬಂದದ್ದು ಅವನಿಗಲ್ಲ, ಒಂದೇ ಗುರುವಿನ ಬಳಿ ಜತೆಗೆ ಓದಿದ ಅಸ್ಬಗನಿಗೆ. ತೊಡಕಿನ ವ್ಯಾಜ್ಯ ಬಂದರೆ ಖಾಜಿ ಒಬ್ಬನೇ ತೀರ್ಪು ಹೇಳುವಂತಿಲ್ಲ. ನಾಲ್ವರು ಪಂಡಿತರನ್ನು ಎದುರು ಕೂರಿಸಿಕೊಂಡು ಕೇಳಬೇಕು, ಅವರ ಮಾತನ್ನು ದಫ್ತರದಲ್ಲಿ ಬರೆಸಬೇಕು. ಆ ನಾಲ್ವರಲ್ಲಿ ಅಸ್ಬಗ ಒಬ್ಬ.

"ಪಾಠ ಒಪ್ಪಿಸೋವಾಗ ನನ್ನ ಮುಖ ನೋಡ್ಕೊಂಡು ಹೇಳ್ತಿದ್ದೋನು, ಈಗ ಖಾಜಿಗೇ ಬುದ್ಧಿ ಹೇಳ್ತಾನಂತೆ!" ಎಂದು ಮುತರ್ರಿಫ ಹೆಂಡತಿ ಉಮೈಮಾಳ ಎದುರು ಹಲ್ಲು ಕಡಿದ.

"ನಿಮ್ಮ ಹೊಟ್ಟೆಕಿಚ್ಚಿನ ಮೇಲೆ ಈ ಬದನೆಕಾಯಿ ಇಟ್ಟಿದ್ರೆ ಇಷ್ಟೊತ್ತಿಗೆ ಬೆಂದಿರೋದು," ಎಂದಳು ಅವಳು.

ಅವನನ್ನು ಹೆಚ್ಚು ಸುಡುತ್ತಿದ್ದದ್ದು ಬೇರೆಯೇ. ಶೂರಾದ ಹಿಂದಿನ ದಿನ ಅಸ್ಬಗ ಅವನ ಬಳಿಗೇ ಬಂದು ಕೂರುತ್ತಿದ್ದ. "ಮುತರ್ರಿಫಣ್ಣ, ಇದೊಂದು ಬಿಡಿಸಿ ಹೇಳು ಮಾರಾಯ." ಇವನು ಹೇಳುತ್ತಿದ್ದ. ಮಾರನೆಯ ದಿನ ಓಣಿಯ ಜನ ಅಸ್ಬಗನಿಗೆ ಎದ್ದು ನಿಂತು ಸಲಾಮು ಮಾಡುವುದನ್ನು ಕಂಡು ಒಳಗೊಳಗೇ ಕುದಿಯುತ್ತಿದ್ದ.

ಆ ಚಳಿಗಾಲದಲ್ಲಿ ಜುಮಾನಾ ಎಂಬ ವಿಧವೆಯ ದೂರು ಬಂತು. ಅವಳ ಗೋಡೆಗೆ ಒತ್ತಿ ಕುಂಬಾರನೊಬ್ಬ ಮಡಕೆ ಸುಡುವ ಆವಿಗೆ ಕಟ್ಟಿದ್ದ. ಹೊಗೆಗೆ ಅವಳು ನೂತ ರೇಷ್ಮೆಯೆಲ್ಲ ಮಸಿ ಹಿಡಿಯುತ್ತಿತ್ತು. ಆದರೆ ದೂರು ಕೊಡಲು ಅವಳು ಒಂದು ವರ್ಷ ತಡಮಾಡಿದ್ದಳು.

"ತಡ ಆಯ್ತು ಅಂತ ಹಕ್ಕು ಹೋಗುತ್ತಾ?" ಅಸ್ಬಗ ಕೇಳಿದ.

ಹೋಗುವುದಿಲ್ಲವೆಂದು ಮುತರ್ರಿಫನಿಗೆ ಚೆನ್ನಾಗಿ ಗೊತ್ತಿತ್ತು. ಈ ಪೆದ್ದ ಒಮ್ಮೆ ಎಲ್ಲರ ಮುಂದೆ ಮುಗ್ಗರಿಸಲಿ ಎಂದುಕೊಂಡು, "ಹೋಗುತ್ತೆ. ಸುಮ್ಮನಿದ್ದೋಳು ಒಪ್ಪಿದ ಹಾಗೇ," ಎಂದುಬಿಟ್ಟ.

ತಮಾಷೆ ನೋಡಲು ಮರುದಿನ ಶೂರಾ ಸೇರಿದ್ದ ಮಸೀದಿಯ ಕಂಬವೊಂದರ ಮರೆಯಲ್ಲಿ ನಿಂತ. ಅಸ್ಬಗ ಆ ಮಾತನ್ನೇ ಒಪ್ಪಿಸಿ, "ಖಾಜಿ ಸಾಹೇಬ್ರೇ, ಎಂದಿನ ಹಾಗೆ ಇದು ಕರಾರು ಬರೆಯೋ ಮುತರ್ರಿಫಣ್ಣ ಹೇಳಿದ್ದು. ನನ್ನ ಬುದ್ಧಿಗೆ ಬೇರೆ ಥರ ತೋಚಿತ್ತು, ಆದ್ರೆ ಅವನು ಹೇಳಿದ ಮೇಲೆ ಮುಗೀತು," ಎಂದ.

ಮುದುಕ ಖಾಜಿ ತಲೆದೂಗಿದ. "ಅವನು ತಪ್ಪೋನಲ್ಲ. ಅವನ ಹೆಸರಲ್ಲೇ ಬರ್ಕೊಳ್ಳಿ."

ಉಳಿದ ಮೂವರೂ ಹೂಂಗುಟ್ಟಿದರು. ಜುಮಾನಾ ಮಸಿ ಹಿಡಿದ ರೇಷ್ಮೆಯ ಲಡಿಯನ್ನು ಎದೆಗೊತ್ತಿಕೊಂಡು ಅಲ್ಲೇ ಕುಸಿದಳು.

"ತಡೀರಿ!" ಎಂದು ಮುತರ್ರಿಫ ಮುಂದೆ ಬಂದ. "ನಾನು ಹೇಳಿದ್ದು ತಪ್ಪು. ಗೊತ್ತಿದ್ದೂ ಹೇಳಿದೆ. ಆಕೆ ಹಕ್ಕು ಎಲ್ಲೂ ಹೋಗಿಲ್ಲ."

"ಗೊತ್ತಿದ್ದೂ? ಯಾಕಪ್ಪಾ?" ಖಾಜಿ ಕೇಳಿದ.

"ಹೊಟ್ಟೆಕಿಚ್ಚಿಗೆ."

ಖಾಜಿ ದಫ್ತರದಲ್ಲಿ ಬರೆಸಿದ್ದನ್ನು ಹೊಡೆದುಹಾಕಿಸಿದ. ಆಮೇಲೆ ಆವಿಗೆ ಕೆಡವಲು ಹೇಳಿದ. ಮುತರ್ರಿಫನ ಕಡೆ ತಿರುಗಿ, "ಶೂರಾದಲ್ಲಿ ಐದನೇ ಜಾಗ ಮಾಡಿ ನಿನ್ನನ್ನೇ ಕರೀಬೇಕೂಂತ ಅಸ್ಬಗ ವರ್ಷದಿಂದ ನನ್ನ ಬೆನ್ನು ಹತ್ತಿದ್ದ. ಇನ್ನು ಹೇಗಪ್ಪಾ ಕರೀಲಿ?" ಎಂದ.

ಹೊರಗೆ ಕಿತ್ತಲೆ ಮರದಡಿ ಅಸ್ಬಗ ಅವನ ತೋಳು ಹಿಡಿದ. "ಬಿಡಣ್ಣ. ಎಲ್ಲರ ಮುಂದೆ ಒಪ್ಕೊಂಡ್ಯಲ್ಲ, ನನ್ನ ಕೈಲಾಗ್ತಿರ್ಲಿಲ್ಲ."

ಮುತರ್ರಿಫ ತೋಳು ಕೊಸರಿಕೊಂಡ. ಒಳ್ಳೆಯತನದಲ್ಲೂ ಇವನೇ ಮೇಲಾಗಿಬಿಟ್ಟನಲ್ಲ ಎಂದು ಅವನ ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು.