ಕಾಮಾಲೆ ಎಂದು ಹೇಳಿ ತಂದ ಸಾಲ

ಆ ಸೋಮವಾರ ಅವರು ಡ್ಯೂಟಿಗೆ ಏಳಲಿಲ್ಲ.

ಜ್ವರವಿರಲಿಲ್ಲ. ನೋವಿರಲಿಲ್ಲ. ಇಸ್ತ್ರಿ ಮಾಡಿದ ಖಾಕಿ ಅಂಗಿ ತಂದಿಟ್ಟರೆ, ನನ್ನ ಗಂಡ ಅದನ್ನೊಮ್ಮೆ ನೋಡಿ ಗೋಡೆಯ ಕಡೆ ಹೊರಳಿದರು. ಹದಿನಾಲ್ಕು ವರ್ಷ ಹಗರಿಬೊಮ್ಮನಹಳ್ಳಿಯ ಬಸ್ಸುಗಳಲ್ಲಿ ಕಂಡಕ್ಟರಾಗಿ ದಿನವಿಡೀ ಜನರೊಂದಿಗೆ ಮಾತಾಡಿದ ಮನುಷ್ಯ ನನ್ನೊಂದಿಗೂ ಮಾತು ಬಿಟ್ಟರು. ಸ್ನಾನ ಬಿಟ್ಟರು. ತಟ್ಟೆಯಲ್ಲಿ ರೊಟ್ಟಿ ಒಣಗಿ ಸೆಟೆದುಕೊಳ್ಳುತ್ತಿತ್ತು.

ತಿಂಗಳ ಮೇಲೆ ಬಳ್ಳಾರಿಗೆ ಕರೆದೊಯ್ದೆ.

“ಇದು ಡಿಪ್ರೆಶನ್, ಸೋಮಾರಿತನ ಅಲ್ರಮ್ಮ. ಗುಳಿಗಿ ನಡುವ ಬಿಡಬ್ಯಾಡ್ರಿ,” ಎಂದರು ಡಾಕ್ಟರು.

ಯಾರಿಗೂ ಹೇಳಲಿಲ್ಲ. ಓಣಿಯವರು ಕೇಳಿದರೆ ಏನೋ ಒಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಇಬ್ಬರಿದ್ದೂ ದಿನವೆಲ್ಲ ಒಬ್ಬಳೇ ಇದ್ದಂತೆ. ಒಮ್ಮೊಮ್ಮೆ ನನ್ನ ದನಿ ಉಳಿದಿದೆಯೋ ಇಲ್ಲವೋ ಎಂದು ಅಡುಗೆಮನೆಯಲ್ಲಿ ನಿಂತು ನನ್ನ ಹೆಸರನ್ನೇ ಹೇಳಿಕೊಳ್ಳುತ್ತಿದ್ದೆ.

ರಜೆ ಮುಗಿಯಿತು. ಸಂಬಳ ನಿಂತಿತು. ಈ ಮನೆಯನ್ನೇ ಅಡವಿಟ್ಟು ತಂದ ಸಾಲದ ನಾಲ್ಕು ಕಂತು ತಪ್ಪಿದವು.

ಬ್ಯಾಂಕಿನಿಂದ ನೋಟಿಸು ಬಂತು.

ಹೊಳಲಿನಲ್ಲಿದ್ದ ಅವರ ಅಕ್ಕ ಗಿರಿಜಕ್ಕನ ಬಳಿ ಹೋದೆ.

“ತಮ್ಮಗ ಏನಾಗೇತಿ?”

“ಕಾಮಾಲಿ, ಅಕ್ಕಾ.”

ಬಾಯಿಗೆ ಬಂದದ್ದು ಅದು. ತಲೆ ಕೆಟ್ಟವನ ಮನೆಗೆ ಯಾರು ಸಾಲ ಕೊಟ್ಟಾರು? ಎಮ್ಮೆ ಮಾರಿ ಇಟ್ಟುಕೊಂಡಿದ್ದ ದುಡ್ಡನ್ನು ಅಕ್ಕ ನನ್ನ ಸೆರಗಿಗೆ ಕಟ್ಟಿದರು. ಬಾಕಿ ಕಂತು ಕಟ್ಟಿ ಬ್ಯಾಂಕಿನ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಮನೆ ಉಳಿದಿತ್ತು. ಸುಳ್ಳು ಎದೆಯಲ್ಲಿ ಕೂತಿತ್ತು.

ನಾಲ್ಕನೆಯ ದಿನ ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದರು, ಕಾಮಾಲೆಯ ನಾಟಿ ಔಷಧದ ಬಾಟಲಿ ಹಿಡಿದು.

ನಾನು ತಡೆಯುವಷ್ಟರಲ್ಲಿ ಒಳಗೆ ಹೋಗಿ ತಮ್ಮನ ಕಣ್ಣುರೆಪ್ಪೆ ಬಿಡಿಸಿ ನೋಡಿದರು. ಕಣ್ಣು ಹಳದಿಯಾಗಿರಲಿಲ್ಲ. ಅಳುತ್ತಾ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ.

ಅಕ್ಕ ಮಂಚದ ತುದಿಗೆ ಕುಳಿತರು. ಬಾಟಲಿಯನ್ನು ನೆಲಕ್ಕಿಟ್ಟರು.

“ನಮ್ಮಪ್ಪನೂ ಹಿಂಗ ಗ್ವಾಡಿಗೆ ಮುಖ ಮಾಡಿ ಮಕ್ಕೊಂತಿದ್ದ. ಆಗ ಇವ ಸಣ್ಣವ, ನೆನಪಿಲ್ಲ ಇವಗ. ಕೇಳಿದವ್ರಿಗೆ ನಮ್ಮವ್ವನೂ ಕಾಮಾಲಿ ಅಂತಿದ್ಲು. ಅವಗ ಡಾಕ್ಟ್ರು ಸಿಗಲಿಲ್ಲ. ಇವಗ ಸಿಕ್ಕಾರ. ಗುಳಿಗಿ ತಪ್ಪಿಸಬ್ಯಾಡ ತಂಗಿ.”

ಮಂಚ ಕಿರುಗುಟ್ಟಿತು. ನನ್ನ ಗಂಡ ಈ ಕಡೆ ಹೊರಳಿದ್ದರು.

“ಅಪ್ಪಗೂ ಹಿಂಗ ಆಗಿತ್ತೇನಕ್ಕ?”

ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಕೇಳಿದ ಮೊದಲ ಮಾತು.

ಅದಾಗಿ ಕೆಲವು ತಿಂಗಳಾದವು. ಈಗ ಹದಿನೈದು ದಿನದಿಂದ ಡ್ಯೂಟಿಗೆ ಹೋಗುತ್ತಿದ್ದಾರೆ. ಗುಳಿಗೆ ನಡೆದಿದೆ. ಅಕ್ಕನ ಸಾಲ ತೀರಲು ಇನ್ನೂ ಬಹಳ ದಿನ ಬೇಕು. ಕೆಲವು ಸಂಜೆ ಅವರು ಮಾತಿಲ್ಲದೆ ಕೂರುತ್ತಾರೆ, ನನಗೆ ಹೆದರಿಕೆಯಾಗುತ್ತದೆ.

ಮೊನ್ನೆ ಎದುರುಮನೆಯ ಶಾರದಮ್ಮ ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಆಕೆ ತಿರುಗಿ ತಮ್ಮ ಮನೆಯೊಳಗೆ ಹೋದರು. ಮುಗಿಯಿತು, ಇನ್ನು ನಮ್ಮ ಬಾಗಿಲಿಗೆ ಬರಲಾರರು ಎಂದುಕೊಂಡೆ. ತುಸು ಹೊತ್ತಿಗೆ ಮೊರ ಹಿಡಿದು ಬಂದು, ನಮ್ಮ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡತೊಡಗಿದರು.